ಡಬ್ಬಿಯೊಳಗಿನ ಎಣ್ಣೆ ಯಾವುದು, ಕೇಳಿ ತಗೊಳ್ರಿ

ನಮ್ಮವ್ವನಿಗೆ ಕೊಲೆಸ್ಟ್ರಾಲ್ ಹೆಚ್ಚಾದಾಗ ಸೊಲ್ಲಾಪುರದ ಡಾಕ್ಟರರು 'ತೇಲ್-ತೂಪ್ ಕಮಿ ಕರಾ' ಎಂದಷ್ಟೇ ಹೇಳಿ ಕಳಿಸಿದರು. ಅವ್ವ ಮೊದಲು ಬಿಟ್ಟದ್ದು ಶೇಂಗಾ ಚಟ್ನಿ. ಚಹಾದ ಜೊತೆಗಿನ ಖಾರಿ ಮಾತ್ರ ಬಿಡಲಿಲ್ಲ. 'ಅದರಾಗ ಎಣ್ಣಿ ಎಲ್ಲೈತಿ?' ಅಂತಿದ್ದಳು.

ತಪ್ಪು ಅವಳದಲ್ಲ. ಎಣ್ಣೆಯಲ್ಲಿ ಎರಡು ಬಗೆಯ ಕೊಬ್ಬು ಇರುತ್ತದೆಂದು ಅವಳಿಗೆ ಅವಳ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ಚಳಿಗಾಲದಲ್ಲಿ ತುಪ್ಪ, ಡಾಲ್ಡಾ ಗಟ್ಟಿಯಾಗುತ್ತವೆ, ಪಾಮ್ ಎಣ್ಣೆಯೂ ಹೆಪ್ಪುಗಟ್ಟುತ್ತದೆ. ಇವುಗಳಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಮುಖ್ಯವಾಗಿ ಇದೇ. ಕುಸುಬೆ ಎಣ್ಣೆ ಅದೇ ಚಳಿಯಲ್ಲೂ ತೆಳ್ಳಗೇ ಇರುತ್ತದೆ, ಅದರಲ್ಲಿ ಅನ್‌ಸ್ಯಾಚುರೇಟೆಡ್ ಹೆಚ್ಚು.

ಬಿ.ಕಾಂ. ಓದಿದವ ನಾನು, ಲೆಕ್ಕ ಬಿಟ್ಟು ಮಾತಾಡಲಾರೆ. 100 ಗ್ರಾಂ ತುಪ್ಪದಲ್ಲಿ ಸ್ಯಾಚುರೇಟೆಡ್ ಕೊಬ್ಬು 60 ಗ್ರಾಂ ದಾಟುತ್ತದೆ. ಪಾಮ್ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ. ಶೇಂಗಾ ಎಣ್ಣೆಯಲ್ಲಿ 20ರೊಳಗೆ, ಕುಸುಬೆಯಲ್ಲಿ 10ಕ್ಕಿಂತ ಕಡಿಮೆ. ಕ್ಯಾಲೊರಿ ಮಾತ್ರ ಎಲ್ಲದಕ್ಕೂ ಒಂದೇ, ಗ್ರಾಮಿಗೆ 9. ಹಾಗಾಗಿ ಒಳ್ಳೆಯದೆಂದು ಸುರಿದುಕೊಳ್ಳುವಂತಿಲ್ಲ.

ಅಕ್ಕಲಕೋಟ ಕಡೆ ಅಂಗಡಿಯಲ್ಲಿ 'ಗೋಡೆತೇಲ್' ಅಂದರೆ ಹಿಂದೆ ಶೇಂಗಾ ಎಣ್ಣೆ ಎಂದೇ ಅರ್ಥ. ಈಗ ಅದೇ ಹೆಸರು ಹೇಳಿ ಪಾಮ್ ಎಣ್ಣೆ ಅಳೆದು ಕೊಡುವುದೂ ಉಂಟು. ಅಗ್ಗ ಇದೆ ಎಂದು ಕೂಲಿ ಮಾಡುವವರು ತಗೊಂಡರೆ ಬೈಯಲಾರೆ. ಆದರೆ ತಗೊಂಡದ್ದು ಯಾವುದೆಂದು ಗೊತ್ತಿರಬೇಕಲ್ಲ!

ಇನ್ನು ಖಾರಿ. ಅದರ ಪದರು ಏಳುವುದೇ ಡಾಲ್ಡಾದಂಥ ಗಟ್ಟಿ ಕೊಬ್ಬಿನಿಂದ. ಅದರಲ್ಲಿದ್ದ ಟ್ರಾನ್ಸ್ ಫ್ಯಾಟ್ ಇನ್ನೂ ಕೆಟ್ಟದ್ದು. 2022ರ ಜನವರಿಯಿಂದ ಅದನ್ನು ಶೇ. 2ಕ್ಕೆ ಮಿತಿಗೊಳಿಸಿದ್ದಾರೆ, ಒಳ್ಳೆಯ ಕೆಲಸ. ಆದರೆ ಸ್ಯಾಚುರೇಟೆಡ್ ಕೊಬ್ಬು ಅದರಲ್ಲಿ ಇದ್ದೇ ಇದೆ.

ಪ್ಯಾಕೆಟ್ ಮೇಲೆ 'ಕೊಲೆಸ್ಟ್ರಾಲ್ ಫ್ರೀ' ಎಂದು ದೊಡ್ಡದಾಗಿ ಬರೆದಿರುತ್ತಾರೆ. ಕಾಳಿನಿಂದ ತೆಗೆದ ಯಾವ ಎಣ್ಣೆಯಲ್ಲೂ ಅದು ಇರುವುದಿಲ್ಲ, ಅದೇನು ಹೆಚ್ಚುಗಾರಿಕೆ? ನೋಡಬೇಕಾದದ್ದು ಹಿಂದಿನ ಸಣ್ಣಕ್ಷರದ 'ಸ್ಯಾಚುರೇಟೆಡ್ ಫ್ಯಾಟ್' ಸಾಲು. ಅದು ಇಂಗ್ಲಿಷಿನಲ್ಲಿರುತ್ತದೆ, ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಗಡಿಹಳ್ಳಿಗಳ ಆರೋಗ್ಯ ಉಪಕೇಂದ್ರದವರು ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದರೆ ಖರ್ಚೇನೂ ಬರುವುದಿಲ್ಲ.

ಅವ್ವ ಈಗ ರೊಟ್ಟಿಯ ಜೊತೆ ಒಂದು ಚಮಚ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಾಳೆ. ಖಾರಿ ವಾರಕ್ಕೊಮ್ಮೆ, ಅದೂ ನಾನು ಮನೆಯಲ್ಲಿ ಇಲ್ಲದಾಗ.