ಹಾಡು ಬಾಡಿಗೆಯದೋ, ಮನೆಯದೋ?

ಸಂಗೀತದ ಆ್ಯಪ್‌ಗೆ ತಿಂಗಳ ಚಂದಾ ಕಟ್ಟುವವರು ಕೊಳ್ಳುವುದು ಹಾಡನ್ನಲ್ಲ, ಕೇಳುವ ಅನುಮತಿಯನ್ನು. ಪರವಾನಗಿ ಒಪ್ಪಂದ ಮುರಿದರೆ ನಿನ್ನೆ ಇದ್ದ ಹಾಡು ಇಂದು ಮಾಯ. ಇದಕ್ಕೆ ಅಂಗೈಯಗಲದ ಕಂಪ್ಯೂಟರೊಂದು ಪರಿಹಾರ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು 2012ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಇಂದು ಮನೆಯ ಸಂಗೀತ ಭಂಡಾರವೂ ಆಗಬಲ್ಲದು. ಗುಣಮಟ್ಟ ಕುಂದದ ಫ್ಲ್ಯಾಕ್ ರೂಪದಲ್ಲಿ ಒಂದು ಸಿ.ಡಿ.ಗೆ ಬೇಕಾದುದು ಸುಮಾರು 300ರಿಂದ 400 ಎಂ.ಬಿ.; 1 ಟಿ.ಬಿ. ಡಿಸ್ಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿ.ಡಿ.ಗಳು ಹಿಡಿಯುತ್ತವೆ. ಹಗಲಿರುಳು 5 ವಾಟ್ ಬಳಸಿದರೂ ತಿಂಗಳಿಗೆ ನಾಲ್ಕು ಯೂನಿಟ್ ದಾಟದು. ವೊಲ್ಯೂಮಿಯೊ, ನ್ಯಾವಿಡ್ರೋಮ್‌ನಂಥ ತಂತ್ರಾಂಶವಿದ್ದರೆ ಇಂಟರ್‌ನೆಟ್ ಕೈಕೊಟ್ಟಾಗಲೂ ಮನೆಯ ವೈಫೈನಲ್ಲೇ ಹಾಡು ಕೇಳಬಹುದು. ಇನ್ನೂ ದೊಡ್ಡ ಲಾಭವೆಂದರೆ ಪಟ್ಟಿ ನಮ್ಮದೇ: ಕವಿ, ರಾಗ, ಸಂಯೋಜಕರ ಹೆಸರನ್ನು ಕನ್ನಡ ಲಿಪಿಯಲ್ಲೇ ದಾಖಲಿಸಬಹುದು. ಗಾಯಕರನ್ನಷ್ಟೇ ಹೆಸರಿಸಿ ಕವಿಯನ್ನು ಮರೆತರೆ ಭಾವಗೀತೆಗೆ ಅದು ಅನ್ಯಾಯವೇ ಸರಿ.

ಇದೆಲ್ಲ ತಂತ್ರಜ್ಞರ ಹವ್ಯಾಸ ಎನ್ನುವವರಿದ್ದಾರೆ. ಆರಂಭದಲ್ಲಿ ಒಂದೆರಡು ಸಂಜೆಯ ತಾಳ್ಮೆ ಬೇಕೆಂಬುದು ನಿಜ. ಧ್ವನಿ ಸ್ಪಷ್ಟವಾಗಿರಲು, ಡಿಜಿಟಲ್ ಹಾಡನ್ನು ಅನಲಾಗ್ ಧ್ವನಿಸಂಕೇತವಾಗಿಸುವ ಪ್ರತ್ಯೇಕ ಡ್ಯಾಕ್ ಇದ್ದರೆ ಒಳ್ಳೆಯದು. ಹಠಾತ್ತನೆ ಕರೆಂಟು ಹೋದರೆ ಮೆಮೊರಿ ಕಾರ್ಡ್ ಕೆಡಬಹುದು, ಆದ್ದರಿಂದ ಇನ್ನೊಂದು ಪ್ರತಿ ಅನಿವಾರ್ಯ. ಆದರೆ ಪುಸ್ತಕದ ಕಪಾಟಿಗೂ ಗೆದ್ದಲಿನ ಕಾವಲು ಬೇಕಲ್ಲವೇ? ಹೊಸ ಹಾಡುಗಳ ಪರಿಚಯಕ್ಕೆ ಆ್ಯಪ್ ಇರಲಿ. ಬದುಕಿಡೀ ಜತೆಗಿರಬೇಕಾದ ಹಾಡು ಮನೆಯಲ್ಲಿರಲಿ. ಅಟ್ಟದ ಮೇಲಿನ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುವ ಮುನ್ನ ಕೆಳಗಿಳಿಸಿ.