ಕರಾವಳಿಗೆ ಕ್ಯಾರವಾನ್: ಹಗಲಿಗೆ ದಾರಿ ಇದೆ, ರಾತ್ರಿಗೆ ಜಾಗ ಎಲ್ಲಿದೆ?

ದೀಪಾವಳಿ ಮುಗಿಯುತ್ತಿದ್ದಂತೆ ಮುಂಬೈ, ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಊರಿಗೆ ಹೋಗುವ ಲೆಕ್ಕಾಚಾರ ಶುರುವಾಗುತ್ತದೆ. ರೈಲಿನಲ್ಲಿ ವೇಟಿಂಗ್ ಲಿಸ್ಟ್, ಬಸ್ಸಿಗೆ ಹಬ್ಬದ ದರ, ಕಾರಿನಲ್ಲಿ ಹೋದರೆ ಸೊಂಟ ನೋವು. ಈಚಿನ ವರ್ಷಗಳಲ್ಲಿ ಈ ಚರ್ಚೆಗೆ ಹೊಸದೊಂದು ಸೇರಿದೆ. ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ ಎಲ್ಲವೂ ಇರುವ ಕ್ಯಾರವಾನ್ ಬಾಡಿಗೆಗೆ ಹಿಡಿದು, ಕಡಲ ತೀರದುದ್ದಕ್ಕೂ ನಿಧಾನವಾಗಿ ಊರು ಸೇರಿದರೆ ಹೇಗೆ?

ಸರ್ಕಾರಗಳೂ ಇದಕ್ಕೆ ಹೂಂ ಎಂದಿವೆ. 2021ರಲ್ಲಿ ಮಹಾರಾಷ್ಟ್ರ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಅದೇ ವರ್ಷ ಕೇರಳ ‘ಕೇರವಾನ್’ ಯೋಜನೆ ಘೋಷಿಸಿತು. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್‌ಗೆ ಜಾಗ ಸಿಕ್ಕಿದೆ. ನೀತಿಯ ಪುಟದಲ್ಲಿ ಸಿಕ್ಕ ಜಾಗ ಕಡಲ ತೀರದಲ್ಲಿ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಈ ಪ್ರವಾಸದ ಯೋಜನೆ ಗೆಲ್ಲುವುದೂ ಸೋಲುವುದೂ ಅಲ್ಲೇ.

ಮೊದಲು ದಾರಿಯ ವಿಷಯ. ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗಿನ ರಾಷ್ಟ್ರೀಯ ಹೆದ್ದಾರಿ 66ನ್ನು, ಹಳಬರ ಬಾಯಲ್ಲಿ ಇಂದಿಗೂ ‘ಎನ್‌ಎಚ್ 17’, ಎಲ್ಲರೂ ಕರಾವಳಿ ಹೆದ್ದಾರಿ ಎನ್ನುತ್ತಾರೆ. ಆದರೆ ಮಹಾರಾಷ್ಟ್ರದಲ್ಲಿ ಈ ರಸ್ತೆಯಿಂದ ಕಡಲು ಕಾಣುವುದೇ ಇಲ್ಲ. ಮಹಾಡ್, ಖೇಡ್, ಚಿಪಳೂಣ್ ಎಲ್ಲವೂ ಒಳನಾಡಿನ ಊರುಗಳು. ಗಣಪತಿಪುಳೆಯ ಕಿನಾರೆ ನೋಡಬೇಕೆಂದರೆ ಹೆದ್ದಾರಿ ಬಿಟ್ಟು ಕಿರಿದಾದ ರಸ್ತೆಯಲ್ಲಿ ಪಶ್ಚಿಮಕ್ಕೆ ಇಳಿಯಬೇಕು, ಮತ್ತೆ ಅದೇ ರಸ್ತೆ ಹತ್ತಬೇಕು. ಮೂರು ಮೀಟರ್‌ನಷ್ಟು ಎತ್ತರದ ಗಾಡಿಗೆ ಅಲ್ಲಿ ತೆಂಗಿನ ಗರಿ, ಮಾವಿನ ಕೊಂಬೆ, ಜೋತುಬಿದ್ದ ವಿದ್ಯುತ್ ತಂತಿ ಎಲ್ಲವೂ ಅಡ್ಡಿಯೇ.

ನಿಜವಾದ ಕಡಲ ದಾರಿ ರೇವಸ್‌ನಿಂದ ರೆಡ್ಡಿಯವರೆಗಿನ ರಾಜ್ಯ ರಸ್ತೆ. ನೋಟಕ್ಕೆ ಅದನ್ನು ಮೀರಿಸುವ ದಾರಿ ಕೊಂಕಣದಲ್ಲಿಲ್ಲ. ಆದರೆ ದಾಭೋಳ, ಜಯಗಡದಂಥ ಅಳಿವೆಗಳಲ್ಲಿ ಗಾಡಿಯನ್ನು ಜಂಗಲ್ ಮೇಲೆ ಹತ್ತಿಸಿ ದಾಟಿಸಬೇಕು. ಕಾರಿನವರಿಗೆ ಅದೊಂದು ಮೋಜು. ಹಿಂಭಾಗ ಉದ್ದಕ್ಕೆ ಚಾಚಿಕೊಂಡ ಕ್ಯಾರವಾನ್‌ಗೆ ಇಳಿತದ ಹೊತ್ತಿನಲ್ಲಿ ಜಂಗಲ್‌ನ ಹಲಗೆ ಕಡಿದಾದರೆ ತಳ ತಾಗುವ ಭಯ. ಉಬ್ಬರ ಇಳಿತದ ಸಮಯ ನೋಡಿಕೊಂಡು, ಮೊದಲೇ ಫೋನು ಮಾಡಿ ಗಾಡಿಯ ಉದ್ದ ಹೇಳಿ ಹೋಗುವುದು ಲೇಸು.

ಮುಂಬೈ-ಗೋವಾ ಚತುಷ್ಪಥದ ಕತೆ ಎಲ್ಲರಿಗೂ ಗೊತ್ತಿರುವುದೇ. 2011ರ ಹೊತ್ತಿಗೆ ಶುರುವಾದ ಕಾಮಗಾರಿಗೆ ಎಷ್ಟು ಗಡುವುಗಳು ಬಂದು ಹೋದವೋ ಲೆಕ್ಕವಿಲ್ಲ. ಕಶೇಡಿ ಸುರಂಗ ತೆರೆದ ಮೇಲೆ ಘಾಟಿಯ ತಾಪತ್ರಯ ಕಡಿಮೆಯಾಗಿದೆ ಎಂಬುದು ನಿಜ. ಆದರೂ 2025ರ ಗಣೇಶ ಚತುರ್ಥಿಗೆ ಕೊಂಕಣ ರೈಲ್ವೆ ಜನರ ಕಾರುಗಳನ್ನೇ ಕೊಲಾಡ್‌ನಿಂದ ಗೋವಾದ ವೆರ್ಣಾವರೆಗೆ ರೈಲಿನ ಮೇಲೆ ಹೇರಿ ಸಾಗಿಸುವ ಸೇವೆ ಆರಂಭಿಸಿತು ಎಂದರೆ ರಸ್ತೆಯ ಸ್ಥಿತಿಗೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

ಗೋವಾ ದಾಟಿ ಮಾಜಾಳಿಯಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಚಿತ್ರ ಬದಲಾಗುತ್ತದೆ. ಕಾರವಾರದಲ್ಲಿ ಕಡಲು ರಸ್ತೆಯ ಪಕ್ಕಕ್ಕೇ ಬರುತ್ತದೆ. ಗಂಗಾವಳಿ, ಅಘನಾಶಿನಿ, ಶರಾವತಿ ಒಂದೊಂದಾಗಿ ಸಿಗುತ್ತವೆ. ಮರವಂತೆಯಲ್ಲಿ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಜನ ‘ಕರಾವಳಿ ಹೆದ್ದಾರಿ’ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಚಿತ್ರ ಇರುವುದು ಮಾಜಾಳಿಯಿಂದ ತಲಪಾಡಿವರೆಗಿನ ಮುನ್ನೂರು ಕಿಲೋಮೀಟರ್ ಒಳಗಿನ ಈ ತುಂಡಿನಲ್ಲಿ. ಇಷ್ಟಕ್ಕಾಗಿ ಮುಂಬೈಯಿಂದ ಮಂಗಳೂರಿನ ಸುಮಾರು 900 ಕಿ.ಮೀ. ಪೂರ್ತಿ ಕ್ಯಾರವಾನ್‌ನಲ್ಲೇ ಹೋಗಬೇಕೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನೀರು, ಕರೆಂಟು, ಶೌಚದ ಟ್ಯಾಂಕ್

ಬಾಡಿಗೆಗೆ ಕೊಡುವವರು ತೋರಿಸುವ ವಿಡಿಯೊಗಳಲ್ಲಿ ಹಾಸಿಗೆ, ಟಿವಿ, ಕಾಫಿ ಮೇಕರ್ ಕಾಣುತ್ತವೆ. ಕಾಣದಿರುವುದು ಟ್ಯಾಂಕ್‌ಗಳ ಅಳತೆ. ಪ್ರವಾಸವನ್ನು ನಿರ್ಧರಿಸುವುದು ಅದೇ.

ಟೆಂಪೊ ಟ್ರಾವೆಲರ್ ಗಾತ್ರದ ಗಾಡಿಯಲ್ಲಿ ಸಿಹಿನೀರು ನೂರು-ನೂರೈವತ್ತು ಲೀಟರ್ ಇರಬಹುದು. ಮನೆಯಲ್ಲಿ ಒಬ್ಬರು ಎರಡು ಬಕೆಟ್ ನೀರಿನಲ್ಲಿ ಸ್ನಾನ ಮಾಡಿದರೆ ಹೆಚ್ಚುಕಡಿಮೆ ಮೂವತ್ತು ಲೀಟರ್. ನಾಲ್ವರು ಮಿಂದರೆ ಟ್ಯಾಂಕ್ ಅಂದೇ ಬರಿದು. ಹಲವು ಗಾಡಿಗಳಲ್ಲಿ ಶೌಚಕ್ಕಿರುವ ಹೊರತೆಗೆಯುವ ಕ್ಯಾಸೆಟ್‌ಗೆ ಇಪ್ಪತ್ತು ಲೀಟರ್ ಆಸುಪಾಸು ಹಿಡಿಯುತ್ತದೆ. ನಾಲ್ಕು ಜನರ ಕುಟುಂಬಕ್ಕೆ ಅದು ಹೆಚ್ಚೆಂದರೆ ಎರಡು ದಿನ. ಚಾವಣಿಯ ಎಸಿ ಗಂಟೆಗೆ ಒಂದು ಯೂನಿಟ್‌ಗೆ ಕಡಿಮೆಯಿಲ್ಲದೆ ಎಳೆಯುತ್ತದೆ. ಕರಾವಳಿಯ ಸೆಕೆಯಲ್ಲಿ ಬ್ಯಾಟರಿ ನಂಬಿ ರಾತ್ರಿಯಿಡೀ ಎಸಿ ಓಡಿಸಲಾಗದು. ಒಂದೋ ಹೊರಗಿನ ಕರೆಂಟು ಬೇಕು, ಇಲ್ಲವೇ ಜನರೇಟರ್ ಗುರುಗುಟ್ಟಬೇಕು. ಮೀನುಗಾರರ ಕೇರಿಯ ಪಕ್ಕ ರಾತ್ರಿ ಎರಡು ಗಂಟೆಗೆ ಜನರೇಟರ್ ಹಾಕಿದರೆ ಬಾಗಿಲು ಬಡಿಯಲು ಯಾರು ಬರುತ್ತಾರೆ ಎಂದು ಹೇಳಬೇಕಾಗಿಲ್ಲ.

ಹಾಗಾಗಿ ನಕ್ಷೆಯ ಮೇಲೆ ನೋಡಬೇಕಾದ ತಾಣಗಳನ್ನು ಗುರುತು ಹಾಕುವ ಮೊದಲು, ಎರಡು ರಾತ್ರಿಗೊಮ್ಮೆ ನೀರು ತುಂಬಿಸುವ, ಪ್ಲಗ್ ಹಾಕುವ, ಕ್ಯಾಸೆಟ್ ಖಾಲಿ ಮಾಡುವ ಜಾಗಗಳನ್ನು ಗುರುತು ಹಾಕಬೇಕು. ವಿದೇಶಗಳಲ್ಲಿ ಇದಕ್ಕೆಂದೇ ಕ್ಯಾಂಪ್ ಸೈಟ್‌ಗಳಿವೆ. ಇಲ್ಲಿ ಸದ್ಯಕ್ಕೆ ನಂಬಬಹುದಾದದ್ದು ಅಂಗಳ ದೊಡ್ಡದಿರುವ ಹೋಮ್‌ಸ್ಟೇಗಳು, ಯಾತ್ರಿ ನಿವಾಸ ಇರುವ ದೇವಸ್ಥಾನಗಳು. ಹೋಮ್‌ಸ್ಟೇಯವರ ಹತ್ತಿರ ‘ಪಾರ್ಕಿಂಗ್ ಇದೆಯಾ’ ಎಂದಷ್ಟೇ ಕೇಳಿ ಸುಮ್ಮನಾಗಬಾರದು. 15 ಆಂಪಿಯರ್ ಪ್ಲಗ್ ಇದೆಯೇ, ಗೇಟು ಎಷ್ಟು ಅಗಲ, ಶೌಚದ ಟ್ಯಾಂಕನ್ನು ಅವರ ಸೆಪ್ಟಿಕ್ ಟ್ಯಾಂಕ್‌ಗೆ ಸುರಿಯಲು ಒಪ್ಪುತ್ತಾರೆಯೇ, ಇವಿಷ್ಟು ಸ್ಪಷ್ಟವಾಗಬೇಕು. ಕ್ಯಾಸೆಟ್‌ಗೆ ಹಾಕುವ ಕೆಲವು ಫಾರ್ಮಾಲ್ಡಿಹೈಡ್ ದ್ರಾವಣಗಳು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ. ಜೈವಿಕ ದ್ರಾವಣ ಬಳಸುತ್ತೇವೆ ಎಂದರೆ ಮನೆಯವರು ಒಪ್ಪುವ ಸಾಧ್ಯತೆ ಹೆಚ್ಚು.

ಇದ್ಯಾವುದೂ ಸಿಗದಿದ್ದರೆ ಏನಾಗುತ್ತದೆ? ಟ್ಯಾಂಕ್ ತುಂಬಿದ ಗಾಡಿ ಎಲ್ಲಾದರೂ ಖಾಲಿಯಾಗಲೇಬೇಕು. ಅದು ಕತ್ತಲಲ್ಲಿ ಹೊಳೆಯ ಬದಿಯಲ್ಲೋ ಗಾಳಿ ತೋಪಿನ ಮರೆಯಲ್ಲೋ ಆಗುತ್ತದೆ. ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿಕಲ್ಲು ಆಯ್ದು ಬದುಕುವ ಕುಟುಂಬಗಳಿವೆ. ಪ್ರವಾಸಿಗರ ಒಂದು ರಾತ್ರಿಯ ಅನುಕೂಲ ಅವರ ಅನ್ನದ ನೀರಿಗೆ ಸೇರುತ್ತದೆ. ಕ್ಯಾರವಾನ್ ನೀತಿ ಬರೆದವರು ಮೊದಲು ಉತ್ತರಿಸಬೇಕಾಗಿದ್ದುದು ಇದಕ್ಕೆ. ಗಾಡಿಗೆ ಹಸಿರು ಬಾವುಟ ತೋರಿಸುವ ಫೋಟೊ ಸುಲಭ, ಶೌಚದ ನೀರು ಸುರಿಯುವ ಕೊಳವೆಯ ಉದ್ಘಾಟನೆಗೆ ಯಾವ ಸಚಿವರೂ ಬರುವುದಿಲ್ಲ ಎಂಬ ತೊಡಕು ಬೇರೆ.

ಕಡಲ ಪಕ್ಕ ನಿಲ್ಲಿಸಬಹುದೇ?

ಬೆಳಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ಅಲೆ ಕಾಣಬೇಕು ಎಂಬ ಆಸೆಗೇ ಜನ ಕ್ಯಾರವಾನ್ ಹಿಡಿಯುವುದು. ಆ ಆಸೆಗೆ ಕಾನೂನಿನ ಬೇಲಿ ಇದೆ. ಗೋವಾ 2022ರ ಅಕ್ಟೋಬರ್‌ನಲ್ಲೇ ಕಿನಾರೆಯ ಮೇಲೆ ವಾಹನ ಓಡಿಸುವುದು, ಬಯಲಲ್ಲಿ ಅಡುಗೆ ಮಾಡುವುದನ್ನು ನಿಷೇಧಿಸಿ 50,000 ರೂಪಾಯಿವರೆಗೆ ದಂಡದ ಆದೇಶ ಹೊರಡಿಸಿತು. 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಪಡೆದ ಹೊನ್ನಾವರದ ಕಾಸರಕೋಡು, ಪಡುಬಿದ್ರಿ ಕಿನಾರೆಗಳಿಗೆ ಆ ಮಾನ್ಯತೆ ಉಳಿಯಬೇಕಾದರೆ ಅನಧಿಕೃತ ಕ್ಯಾಂಪಿಂಗ್, ವಾಹನ ಸಂಚಾರ, ಕಸ ಸುರಿಯುವುದು ಇರಕೂಡದು. ಪ್ರವಾಸಕ್ಕೆ ಪ್ರಶಸ್ತವಾದ ಚಳಿಗಾಲವೇ ಉತ್ತರ ಕನ್ನಡದ ತೀರಕ್ಕೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ಕಾಲವೂ ಹೌದು. ಮರಿಗಳು ಬೆಳಕು ಕಂಡ ಕಡೆ ಹರಿದು ದಾರಿ ತಪ್ಪುತ್ತವೆ. ಗಾಡಿಯ ಹೊರಗಿನ ಎಲ್‌ಇಡಿ ಮಾಲೆ ಫೋಟೊಗೆ ಚೆಂದ, ಆಮೆಮರಿಗೆ ಅಲ್ಲ.

ಹಾಗೆಂದು ಕಾನೂನು ಬಾಗಿಲು ಪೂರ್ತಿ ಮುಚ್ಚಿಲ್ಲ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ ಗ್ರಾಮೀಣ ತೀರದ ನಿಷೇಧಿತ ವಲಯದಲ್ಲಿ ಹೆದ್ದಾರಿ ಹಾದು ಹೋಗಿದ್ದರೆ, ರಸ್ತೆಯ ಕಡಲ ಬದಿಗೆ ಶೌಚಾಲಯ, ಕುಡಿಯುವ ನೀರಿನಂಥ ತಾತ್ಕಾಲಿಕ ಸೌಕರ್ಯ ಮಾಡಬಹುದು, ನೆಲದ ಬದಿಗೆ ಪ್ರವಾಸಿ ವಸತಿಗೂ ಷರತ್ತಿನ ಮೇಲೆ ಅವಕಾಶವಿದೆ. ಅಂದರೆ ರಸ್ತೆಯ ಪೂರ್ವ ಬದಿಯಲ್ಲಿ ಹತ್ತು ಗಾಡಿ ನಿಲ್ಲುವ ಒಂದು ಅಂಗಳ, ಅದಕ್ಕೊಂದು ಸೆಪ್ಟಿಕ್ ವ್ಯವಸ್ಥೆ ಎಂಬುದು ಅಸಾಧ್ಯದ ಮಾತಲ್ಲ.

ಹೆದ್ದಾರಿ ಬದಿಯಲ್ಲೇ ಎಲ್ಲಾದರೂ ಮಲಗಿದರಾಯಿತು ಎನ್ನುವವರು ಅಂಕೋಲಾದ ಶಿರೂರನ್ನು ನೆನಪಿಸಿಕೊಳ್ಳಬೇಕು. (ಬೈಂದೂರು ಬಳಿ ಟೋಲ್ ಇರುವುದು ಇನ್ನೊಂದು ಶಿರೂರು. ಫೋನಿನಲ್ಲಿ ‘ಶಿರೂರಲ್ಲಿದ್ದೇವೆ’ ಎಂದು ಮನೆಯವರನ್ನು ಗಾಬರಿಪಡಿಸಿದವರಿದ್ದಾರೆ.) 2024ರ ಜುಲೈ 16ರ ಬೆಳಗ್ಗೆ ಅಲ್ಲಿ ಗುಡ್ಡ ಕುಸಿದಾಗ ಮಣ್ಣಿನಡಿ ಸೇರಿದ್ದು ರಸ್ತೆ ಬದಿಯ ಚಹಾದಂಗಡಿಯ ಕುಟುಂಬ ಮತ್ತು ವಿಶ್ರಾಂತಿಗೆಂದು ಗಾಡಿ ನಿಲ್ಲಿಸಿದ್ದವರು. ಸಿಗದೇ ಹೋದವರೂ ಸೇರಿ 11 ಜನ. ಕೇರಳದ ಲಾರಿಯೊಂದು ಗಂಗಾವಳಿ ನದಿಯಿಂದ ಮೇಲೆ ಬರಲು ಸೆಪ್ಟೆಂಬರ್ ಕೊನೆಯ ವಾರದವರೆಗೆ ಕಾಯಬೇಕಾಯಿತು. ಗುಡ್ಡ ಕುಸಿದ ಮೂರು ವಾರದ ಬಳಿಕ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಉಳಿಸಿದರು. ಚತುಷ್ಪಥಕ್ಕಾಗಿ ಕಡಿದ ಗುಡ್ಡದ ಬುಡ ಅಗಲವಾಗಿ, ಸಮತಟ್ಟಾಗಿ, ಗಾಡಿ ನಿಲ್ಲಿಸಲು ಹೇಳಿ ಮಾಡಿಸಿದಂತೆ ಕಾಣುತ್ತದೆ. ಅಪಾಯ ಇರುವುದೂ ಅಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸವನ್ನೇ ಕೈಬಿಡಬೇಕು. ಉಳಿದ ತಿಂಗಳಲ್ಲೂ ಕಡಿದ ಗುಡ್ಡದ ಕೆಳಗೆ ರಾತ್ರಿ ಕಳೆಯಬಾರದು.

ಲೈಸೆನ್ಸ್ ವಿಷಯದಲ್ಲಿ ಒಂದು ಗೊಂದಲ ಬಗೆಹರಿದಿದೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಇರುವವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಟ್ರಾವೆಲರ್ ಮಾದರಿಯ ಗಾಡಿಗಳು ಈ ಮಿತಿಯೊಳಗೇ ಬರುತ್ತವೆ, ಬಸ್ ಚಾಸಿಯ ದೊಡ್ಡ ಗಾಡಿಗಳು ಬರದಿರಬಹುದು. ಆದ್ದರಿಂದ ಆರ್‌ಸಿಯಲ್ಲಿ ತೂಕ ನೋಡಬೇಕು, ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ ಎಂದೂ ನೋಡಬೇಕು. 2025ರಲ್ಲಿ 3,000 ರೂಪಾಯಿಗೆ ಆರಂಭವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಖಾಸಗಿ ವಾಹನಗಳಿಗೆ ಮಾತ್ರ. ಬಾಡಿಗೆ ಗಾಡಿ ಹಟ್ಟಿಕೇರಿಯಿಂದ ತಲಪಾಡಿವರೆಗೆ ಪ್ರತಿ ಟೋಲ್‌ನಲ್ಲೂ ಪೂರ್ತಿ ತೆರಬೇಕು.

ಡ್ರೈವರ್ ಸಹಿತ ಬಾಡಿಗೆ ಎಂದಾದರೆ ಆತ ಎಲ್ಲಿ ಮಲಗುತ್ತಾನೆ ಎಂಬುದನ್ನು ಯಾರೂ ಕೇಳುವುದಿಲ್ಲ. ನಾಲ್ಕು ಹಾಸಿಗೆಯ ಗಾಡಿಯಲ್ಲಿ ಐದನೆಯವನು ಅವನು. ಸ್ಟೀರಿಂಗ್ ಮುಂದೆ ಕುಳಿತೇ ರಾತ್ರಿ ಕಳೆದವನ ಕೈಗೆ ಮರುದಿನ ಮಕ್ಕಳು ಮರಿ ಇರುವ ಗಾಡಿ ಕೊಡುವುದು ಜಾಣತನವಲ್ಲ. ಹೋಮ್‌ಸ್ಟೇಯಲ್ಲಿ ಅವನಿಗೊಂದು ಕೋಣೆಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು.

ಖರ್ಚಿನ ಮಾತಿಗೆ ಬಂದರೆ, ಈ ಗಾಡಿಗಳನ್ನು ಬಾಡಿಗೆಗೆ ಬಿಡುವವರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇದ್ದಾರೆ. ಮಂಗಳೂರಲ್ಲಿ ಇಳಿದುಕೊಂಡರೂ ಖಾಲಿ ಗಾಡಿ ಮುಂಬೈಗೆ ಮರಳುವ ಬಾಡಿಗೆ ತಲೆಗೆ ಬೀಳುತ್ತದೆ. ಡೀಸೆಲ್ ಲೀಟರಿಗೆ ಎಂಟು-ಹತ್ತು ಕಿ.ಮೀ. ಕೊಟ್ಟರೆ ಪುಣ್ಯ. ಹೋಗುವಾಗ ಕರಾವಳಿ, ಬರುವಾಗ ಅಂಕೋಲಾ-ಹುಬ್ಬಳ್ಳಿ-ಬೆಳಗಾವಿ ಮೂಲಕ ಪುಣೆ ದಾರಿ ಹಿಡಿದರೆ ಸಮಯ ಉಳಿಯುತ್ತದೆ, ಹಣ ಅಷ್ಟಾಗಿ ಉಳಿಯುವುದಿಲ್ಲ. ಕಾರು ಮತ್ತು ಎರಡು ಕೋಣೆಗಿಂತ ಕ್ಯಾರವಾನ್ ಅಗ್ಗ ಎಂದುಕೊಂಡು ಹೊರಟವರು ನಿರಾಶರಾಗುವುದೇ ಹೆಚ್ಚು. ನಡೆಯಲು ಕಷ್ಟವಿರುವ ಹಿರಿಯರು, ಪದೇಪದೇ ಶೌಚಾಲಯ ಬೇಕಾಗುವ ಮಧುಮೇಹಿಗಳು, ಎಳೆ ಮಗು ಇರುವ ತಾಯಂದಿರು ಜೊತೆಗಿದ್ದಾಗ ಮಾತ್ರ ಅದರ ಬೆಲೆ ಬೇರೆ. ಹೆದ್ದಾರಿಯ ಹೋಟೆಲುಗಳ ಶೌಚಾಲಯ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹೊರನಾಡಿನ ಕನ್ನಡಿಗರಿಗೆ ನಿಜವಾಗಿ ಒದಗುವ ವ್ಯವಸ್ಥೆ ಬೇರೆಯದೇ ಇದೆ. ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರುಡೇಶ್ವರ, ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ: ಕೊಂಕಣ ರೈಲ್ವೆ ಈ ಹೆದ್ದಾರಿಯ ಜೊತೆಜೊತೆಗೇ ಸಾಗುತ್ತದೆ. ರಾತ್ರಿ ರೈಲಿನಲ್ಲಿ ಬಂದು ಕಾರವಾರದಲ್ಲಿ ಇಳಿದು, ನಿಲ್ದಾಣದ ಬಳಿಯೇ ಗಾಡಿ ಪಡೆದು, ಐದು ದಿನ ನಿಧಾನವಾಗಿ ದಕ್ಷಿಣಕ್ಕೆ ಸಾಗಿ, ಉಡುಪಿಯಲ್ಲೋ ಮಂಗಳೂರಲ್ಲೋ ಒಪ್ಪಿಸಿ ಮತ್ತೆ ರೈಲು ಹತ್ತುವಂತಾದರೆ ಕೊಂಕಣ ಘಾಟಿಯ ತೊಂದರೆಯೂ ತಪ್ಪುತ್ತದೆ, ಖಾಲಿ ಗಾಡಿಯ ಬಾಡಿಗೆಯೂ ತಪ್ಪುತ್ತದೆ. ಇದಕ್ಕೆ ಬೇಕಿರುವುದು ಮೂರು ಕರಾವಳಿ ಜಿಲ್ಲೆಗಳಲ್ಲಿ ನಾಲ್ಕೋ ಐದೋ ಅಂಗಳ. ಅಲ್ಲಿ ನೀರಿನ ನಲ್ಲಿ, ಮೀಟರ್ ಇರುವ ಪ್ಲಗ್, ಟ್ಯಾಂಕ್ ಸುರಿಯುವ ಮುಚ್ಚಳದ ಗುಂಡಿ, ರಾತ್ರಿ ಒಬ್ಬ ಕಾವಲುಗಾರ. ಸ್ಥಳೀಯ ಪಂಚಾಯಿತಿಗೋ ಮಹಿಳಾ ಸಂಘಕ್ಕೋ ಇದರ ಉಸ್ತುವಾರಿ ಕೊಟ್ಟರೆ ಊರಿಗೂ ನಾಲ್ಕು ಕಾಸು.

ಅದು ಆಗುವವರೆಗೆ ಹೊರಡುವವರ ಕೈಯಲ್ಲಿರಬೇಕಾದದ್ದು ಸಣ್ಣ ಪಟ್ಟಿ: ಪ್ರತಿ ರಾತ್ರಿಗೂ ಒಪ್ಪಿಗೆ ಕೊಟ್ಟ ಒಂದು ಮನೆಯ ಫೋನ್ ಸಂಖ್ಯೆ, ಆ ಮನೆಯ ಗೇಟಿನ ಅಗಲ ಮತ್ತು ಕತ್ತಲಾಗುವ ಮೊದಲು ಅಲ್ಲಿಗೆ ತಲುಪಲು ಎಷ್ಟು ಹೊತ್ತಿಗೆ ಹೊರಡಬೇಕೆಂಬ ಲೆಕ್ಕ.