ಜರಡಿಗೆ ಸಿಗದ ಅಕ್ಕ



ನಮ್ಮ ಬಳಗದ 112 ಜನರ ಹೆಸರು, ಊರು, ಹುಟ್ಟಿದ ದಿನಗಳನ್ನು ನಾನು ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದೇನೆ. ಹುಟ್ಟುಹಬ್ಬಕ್ಕೆ ತಪ್ಪದೆ ಫೋನ್ ಮಾಡುವುದು ನಿವೃತ್ತನಾದ ಮೇಲೆ ನನ್ನ ನೌಕರಿ! ಏಪ್ರಿಲ್ ಬಂತು. ಈ ತಿಂಗಳು ಯಾರದ್ದಿದೆ ಎಂದು ಬೆರಳಿಟ್ಟು ಓದುತ್ತಿದ್ದೆ. ಏಳನೇ ತರಗತಿಯ ಮೊಮ್ಮಗಳು ನಕ್ಕಳು. "ಅಡ್ವಾನ್ಸ್ಡ್ ಫಿಲ್ಟರ್ ಹಾಕು ತಾತ, ಹಿಟ್ಟು ಜರಡಿ ಹಿಡಿದ ಹಾಗೆ."

ಪಟ್ಟಿಯಿಂದ ಒಂದು ಕಾಲಂ ಬಿಟ್ಟು, ಚೌಕಾಬಾರದ ಮನೆಗಳಂತೆ ಒಂದರ ಕೆಳಗೊಂದು ಎರಡು ಮನೆ ಆರಿಸಿದಳು. ಮೇಲಿನದು ಖಾಲಿ. ಕೆಳಗಿನದರಲ್ಲಿ ಸೂತ್ರ: =ಮಂತ್(ಸಿ2)=4. ನೀವು ಇದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಸಿ2 ಎಂದರೆ ಪಟ್ಟಿಯ ಮೊದಲ ಹುಟ್ಟಿದ ದಿನ, 4 ಎಂದರೆ ಏಪ್ರಿಲ್. ಆಮೇಲೆ ಡೇಟಾದಲ್ಲಿ ಅಡ್ವಾನ್ಸ್ಡ್ ಒತ್ತಿ, ಮೊದಲು ಇಡೀ ಪಟ್ಟಿಯನ್ನು, ನಂತರ ಆ ಎರಡು ಮನೆಗಳನ್ನು ತೋರಿಸಬೇಕು.

ನಾನು ಮಾಡಲು ಹೋಗಿ ಎಡವಿದೆ. ಮೇಲಿನ ಮನೆಯಲ್ಲಿ ಪಟ್ಟಿಯ ತಲೆಬರಹವಾದ 'ಹುಟ್ಟಿದ ದಿನ' ಎಂದೇ ಬರೆದೆ, ಒಬ್ಬರೂ ಬರಲಿಲ್ಲ. ಅದನ್ನು ಅಳಿಸಿ, ಸಿ2ಕ್ಕೆ ಡಾಲರ್ ಚಿಹ್ನೆ ಹಚ್ಚಿದೆ. 112 ಜನವೂ ಬಂದರು! ಮೇಷ್ಟ್ರು ಹಾಜರಿ ಕರೆಯುವಾಗ ಮೊದಲ ಹುಡುಗನನ್ನೇ ಮತ್ತೆ ಮತ್ತೆ ಕೂಗಿ, ಎಲ್ಲರಿಗೂ ಹಾಜರಿ ಹಾಕಿದಂತಾಯಿತು. ಡಾಲರ್ ತೆಗೆದ ಮೇಲೆ ಒಂಬತ್ತು ಹೆಸರು ಉಳಿದವು. ಅವರ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೆ.

ರಾತ್ರಿ ಮಲಗಿದಾಗ ನೆನಪಾಯಿತು: ಅಕ್ಕ ಎಲ್ಲಿ?

ಎದ್ದು ನೋಡಿದೆ. ಅವಳ ಸಾಲಿನಲ್ಲಿ ನಾನೇ ಬರೆದಿದ್ದೆ: 'ಯುಗಾದಿ ಮರುದಿನ'. ಅಮ್ಮನಿಗೆ ನೆನಪಿದ್ದದ್ದು ಅಷ್ಟೇ. ಮಾತಿನಲ್ಲಿ ಬರೆದದ್ದರಿಂದ ತಿಂಗಳನ್ನು ಹೆಕ್ಕಲು ಸೂತ್ರಕ್ಕೆ ಬರುವುದಿಲ್ಲ; ಆ ಸಾಲನ್ನು ಅದು ಸುಮ್ಮನೆ ಕೈಬಿಡುತ್ತದೆ. ಯುಗಾದಿ ಕಳೆದು ಆಗಲೇ ನಾಲ್ಕು ದಿನವಾಗಿತ್ತು.

ಬೆಳಿಗ್ಗೆಯೇ ಫೋನ್ ಮಾಡಿದೆ. "ನಾಲ್ಕು ದಿನದಿಂದ ಫೋನ್ ಪಕ್ಕದಲ್ಲೇ ಇಟ್ಕೊಂಡಿದ್ದೆ ಕಣೋ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೊಮ್ಮಗಳು ಈಗ ಇನ್ನೊಂದು ಸೂತ್ರ ಕಲಿಸಿದ್ದಾಳೆ: =ಈಸ್‌ಟೆಕ್ಸ್ಟ್(ಸಿ2). ತಾರೀಖಿನ ಬದಲು ಮಾತು ಬರೆದಿರುವ ಸಾಲುಗಳನ್ನಷ್ಟೇ ಅದು ತೋರಿಸುತ್ತದೆ. ನಾಲ್ವರು ಸಿಕ್ಕರು, ನಾಲ್ವರೂ ಹಿರಿಯರೇ. ಪ್ರತಿ ತಿಂಗಳೂ ಈಗ ಎರಡು ಸಲ ಜರಡಿ ಹಿಡಿಯುತ್ತೇನೆ.

ನಿಮ್ಮ ಅಜ್ಜಿ ಹುಟ್ಟಿದ್ದು ಯಾವಾಗ? ತಾರೀಖು ಗೊತ್ತಿಲ್ಲದಿದ್ದರೆ ಯಾವ ಹಬ್ಬದ ಆಸುಪಾಸು ಎಂದು ಇವತ್ತೇ ಕೇಳಿ ಬರೆದಿಡಿ.

ನಿಮ್ಮ ತಾತ